ಪ್ರಬಂಧ ಯಾರ ಕೈಗೆ ಸೇರಬೇಕು? ಯುವ ಪ್ಲಾಸ್ಟಿಕ್ ಸರ್ಜನ್‌ಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಎಂ.ಸಿಎಚ್. ಓದುತ್ತಿರುವ, ಓದು ಮುಗಿಸಿ ಈಗಷ್ಟೇ ಪಾಠ ಹೇಳಲು ನಿಂತಿರುವ ಪ್ಲಾಸ್ಟಿಕ್ ಸರ್ಜನ್ ಮಿತ್ರರಿಗೆ,



ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕ್ಲಾರಿವೇಟ್ ಕಂಪನಿ ಜಗತ್ತಿನ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯನ್ನು ಹೊರಡಿಸುತ್ತದೆ. ಆ ವಾರವೆಲ್ಲ ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಮಾತು: ಯಾವುದು ಮೇಲೇರಿತು, ಯಾವುದು ಇಳಿಯಿತು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ, ಅದೂ ಹಿರಿಯರ ಬಾಯಿಂದಲೇ: "ಒಳ್ಳೆ ಕೇಸ್ ಸೀರೀಸ್ ಇದ್ರೆ ಹೊರಗೆ ಕಳ್ಸಪ್ಪ, ಐಜೆಪಿಎಸ್‌ಗೆ ಇಂಪ್ಯಾಕ್ಟ್ ಇಲ್ಲ." ಈ ಪತ್ರ ಬರೆಯಲು ಕೂತದ್ದೇ ಆ ಮಾತಿಗೆ ಉತ್ತರ ಕೊಡಲು. ಬಹುಕಾಲ ಈ ವಿಷಯವನ್ನು ಕಲಿಸಿದವನು ನಾನು. ಜರ್ನಲ್‌ಗಳಿಗೆ ಬಂದ ಪ್ರಬಂಧಗಳನ್ನು ಓದಿ ಅಭಿಪ್ರಾಯ ಬರೆದುಕೊಟ್ಟವನು. ಆ ಸಲಹೆ ಒಂದು ತಲೆಮಾರಿನ ಕೆಲಸವನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಿದೆ ಎಂದು ನನಗೆ ಖಚಿತವಾಗಿದೆ.

ಐಜೆಪಿಎಸ್, ಅಂದರೆ ಇಂಡಿಯನ್ ಜರ್ನಲ್ ಆಫ್ ಪ್ಲಾಸ್ಟಿಕ್ ಸರ್ಜರಿ, 1968ರಿಂದ ಬರುತ್ತಿದೆ. ಅದನ್ನು ನಡೆಸುವುದು ಭಾರತದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ. 2019ರಿಂದ ಥೀಮ್ ಪ್ರಕಾಶನ ಅದನ್ನು ಪ್ರಕಟಿಸುತ್ತಿದೆ. ಪೂರ್ಣ ಪಾಠ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಎಲ್ಲರಿಗೂ ಉಚಿತ. ಸ್ಕೋಪಸ್ ಪಟ್ಟಿಯಲ್ಲೂ ಅದು ಇದೆ. ಇಷ್ಟು ಇದ್ದರೂ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಚಿಕ್ಕದು, ನಿಜ. ಆ ಚಿಕ್ಕ ಅಂಕಿಯೊಳಗೆ ಏನಿದೆ, ಏನಿಲ್ಲ ಎಂಬುದನ್ನು ಮೊದಲು ನೋಡೋಣ.

ಲೆಕ್ಕ ಸರಳ. ಒಂದು ಜರ್ನಲ್ 2022 ಮತ್ತು 2023ರಲ್ಲಿ ಒಟ್ಟು 200 ಪ್ರಬಂಧ ಪ್ರಕಟಿಸಿತು ಎಂದಿಟ್ಟುಕೊಳ್ಳಿ. 2024ರಲ್ಲಿ ಕ್ಲಾರಿವೇಟ್ ಎಣಿಸುವ ಎಲ್ಲ ಜರ್ನಲ್‌ಗಳಲ್ಲೂ ಸೇರಿ ಆ ಪ್ರಬಂಧಗಳ ಉಲ್ಲೇಖ 180 ಸಲ ಆಯಿತು. 180ನ್ನು 200ರಿಂದ ಭಾಗಿಸಿದರೆ 0.9. ಅದೇ 2024ರ ಇಂಪ್ಯಾಕ್ಟ್ ಫ್ಯಾಕ್ಟರ್. ಆ 180 ಉಲ್ಲೇಖಗಳಲ್ಲಿ ಮೂರನೇ ಒಂದು ಪಾಲು ಮೂರು ನಾಲ್ಕು ಪ್ರಬಂಧಗಳಿಗೇ ಬಂದಿರಬಹುದು. ನೂರು ಪ್ರಬಂಧಗಳಿಗೆ ಒಂದೂ ಬಂದಿರದೇ ಇರಬಹುದು. ಸರಾಸರಿ ಅದನ್ನು ಹೇಳುವುದಿಲ್ಲ. ಹಾಗಾಗಿ ಜರ್ನಲ್‌ನ ಅಂಕಿಯಿಂದ ನಿಮ್ಮ ಪ್ರಬಂಧದ ಬೆಲೆ ತಿಳಿಯುವುದಿಲ್ಲ. ನಾರ್ವೆಯ ಪೆರ್ ಸೆಗ್ಲೆನ್ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ವಿವರವಾಗಿ ತೋರಿಸಿದರು. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಸಂಶೋಧಕರು ಸಿದ್ಧಪಡಿಸಿದ ಡೋರಾ ಘೋಷಣೆಯೂ ಜರ್ನಲ್‌ನ ಅಂಕಿಯಿಂದ ವ್ಯಕ್ತಿಯ ಕೆಲಸವನ್ನು ಅಳೆಯಬೇಡಿ ಎಂದಿತು. ಅಸಲಿಗೆ ಈ ಅಂಕಿಯ ಹಿಂದಿದ್ದ ಯೂಜೀನ್ ಗಾರ್ಫೀಲ್ಡ್ ಅವರಿಗೆ ಬೇಕಾಗಿದ್ದದ್ದು ಬೇರೆ. 1955ರಲ್ಲಿ ಅವರು ವಿಜ್ಞಾನ ಪ್ರಬಂಧಗಳಿಗೆ ಒಂದು ಉಲ್ಲೇಖ ಸೂಚಿ ಇರಬೇಕೆಂದು ಬರೆದರು. ಮುಂದೆ ಆ ಸೂಚಿಗೆ ಯಾವ ಜರ್ನಲ್‌ಗಳನ್ನು ಸೇರಿಸಿಕೊಳ್ಳಬೇಕು ಎಂದು ಆರಿಸಲು ಈ ಲೆಕ್ಕ ಬಂತು. ಗ್ರಂಥಪಾಲಕರಿಗೂ ಅದರಿಂದ ಅನುಕೂಲವಾಯಿತು. ಇವತ್ತು ಅದೇ ಲೆಕ್ಕ ಬಡ್ತಿಯ ಕಡತದೊಳಗೆ ಬಂದು ಕೂತಿದೆ.

ಪ್ಲಾಸ್ಟಿಕ್ ಸರ್ಜರಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ತೊಡಕು ಆ ಎರಡು ವರ್ಷದ ಗಡುವು. ಮೂರು ತಿಂಗಳ ಮಗುವಿನ ಸೀಳುತುಟಿಯನ್ನು ನೀವು ಇಂದು ಹೊಲಿದರೆ ಫಲಿತಾಂಶ ಗೊತ್ತಾಗುವುದು ಯಾವಾಗ? ಮಾತು ಕಲಿತಾಗ ಒಂದಿಷ್ಟು, ಹಲ್ಲು ಬಂದಾಗ ಒಂದಿಷ್ಟು, ಮುಖದ ಮೂಳೆ ಬೆಳೆದು ನಿಂತ ಹದಿನೇಳು ಹದಿನೆಂಟನೇ ವಯಸ್ಸಿನಲ್ಲಿ ಪೂರ್ತಿ. ಸುಟ್ಟ ಕತ್ತಿನ ಮೇಲೆ ಹಾಕಿದ ಚರ್ಮ ಕಸಿ ಮಗು ಬೆಳೆದಂತೆ ಮತ್ತೆ ಬಿಗಿಯುತ್ತದೆಯೇ ಎಂಬುದೂ ಹಾಗೆಯೇ. ಇಷ್ಟು ನಿಧಾನವಾಗಿ ಸತ್ಯ ಹೇಳುವ ವೃತ್ತಿ ನಮ್ಮದು. ನಮ್ಮ ಪ್ರಬಂಧಗಳು ಎರಡು ವರ್ಷದಲ್ಲಿ ಹಣ್ಣಾಗುವುದಿಲ್ಲ.

ಒಂದು ನಿದರ್ಶನ ಕೊಡುತ್ತೇನೆ. ತೊಡೆಯ ಹೊರಮಗ್ಗುಲಿನಿಂದ ತೆಗೆಯುವ ಎಎಲ್‌ಟಿ ಫ್ಲ್ಯಾಪ್ ಇಂದು ನೀವೆಲ್ಲ ಮೈಕ್ರೋಸ್ಕೋಪಿನ ಕೆಳಗೆ ಕೂರಿಸುವ ಫ್ಲ್ಯಾಪ್. ಬಾಯಿ ಕ್ಯಾನ್ಸರ್ ತೆಗೆದ ಕೆನ್ನೆಗೂ ಅದೇ, ಲಾರಿ ಹರಿದ ಕಾಲಿಗೂ ಅದೇ. ಅದನ್ನು ಚೀನಾದ ಸಾಂಗ್ ಮತ್ತು ಸಂಗಡಿಗರು 1984ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ವರ್ಣಿಸಿದರು. ರಕ್ತನಾಳ ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿಯುತ್ತದೆ ಎಂಬ ಅಂಜಿಕೆಯಿಂದ ಪಶ್ಚಿಮದ ಸರ್ಜನ್‌ಗಳು ಬಹುಕಾಲ ಅದರತ್ತ ಹೆಚ್ಚು ತಿರುಗಲಿಲ್ಲ. 2002ರಲ್ಲಿ ತೈವಾನಿನ ಫು-ಚಾನ್ ವೇ ತಮ್ಮ ತಂಡದ 672 ಎಎಲ್‌ಟಿ ಫ್ಲ್ಯಾಪ್‌ಗಳ ಅನುಭವವನ್ನು ಅಮೆರಿಕದ ಪ್ಲಾಸ್ಟಿಕ್ ಅಂಡ್ ರಿಕನ್‌ಸ್ಟ್ರಕ್ಟಿವ್ ಸರ್ಜರಿಯಲ್ಲಿ ಪ್ರಕಟಿಸಿದ ಮೇಲೆ ಅದು ಜಗತ್ತಿನ ಫ್ಲ್ಯಾಪ್ ಆಯಿತು. ನಡುವೆ ಹದಿನೆಂಟು ವರ್ಷ. ಸಾಂಗ್ ಅವರ ಪ್ರಬಂಧದಿಂದ ಆ ಬ್ರಿಟಿಷ್ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಸೇರಿದ್ದು 1985 ಮತ್ತು 1986ರಲ್ಲಿ ಬಂದ ಉಲ್ಲೇಖಗಳು ಮಾತ್ರ. ಅದಾದ ಮೇಲಿನ ಇಡೀ ಬದುಕು ಲೆಕ್ಕದಾಚೆ. ಗ್ಲಾಸ್ಗೋದ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ 1972ರಲ್ಲಿ ಅದೇ ಜರ್ನಲ್‌ನಲ್ಲಿ ವರ್ಣಿಸಿದ ಗ್ರೋಯಿನ್ ಫ್ಲ್ಯಾಪ್ ಕೂಡ ಹಾಗೆಯೇ. ಕಬ್ಬಿನ ಗಾಣಕ್ಕೆ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟು ರಾತ್ರಿ ಹನ್ನೊಂದಕ್ಕೆ ಬಂದವರ ಕೈಯನ್ನು ನಮ್ಮ ಜಿಲ್ಲೆಗಳಲ್ಲಿ ಈಗಲೂ ಅದೇ ಫ್ಲ್ಯಾಪ್ ಉಳಿಸುತ್ತದೆ.

ಆ ಕೈ ಉಳಿಸಿದ ಸರ್ಜನ್ ಯಾರನ್ನೂ ಉಲ್ಲೇಖಿಸುವುದಿಲ್ಲ ಎಂಬುದನ್ನು ಗಮನಿಸಿ. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಒಬ್ಬರೇ ಇರುವ ಸರ್ಜನ್ ನಾಳೆ ಬೆಳಿಗ್ಗೆಯ ಕೇಸಿಗಾಗಿ ರಾತ್ರಿ ಫೋನಿನಲ್ಲಿ ಒಂದು ಪ್ರಬಂಧ ತೆಗೆದು ಓದುತ್ತಾರೆ. ಚಿತ್ರ ನೋಡುತ್ತಾರೆ, ಅಳತೆ ನೋಡುತ್ತಾರೆ, ಬೆಳಿಗ್ಗೆ ಓ.ಟಿ.ಯಲ್ಲಿ ಹಾಗೆಯೇ ಮಾಡುತ್ತಾರೆ. ರೋಗಿ ನಡೆದುಕೊಂಡು ಮನೆಗೆ ಹೋಗುತ್ತಾರೆ. ಆ ಪ್ರಬಂಧ ತಲುಪಬೇಕಾದಲ್ಲಿಗೆ ತಲುಪಿತು. ಯಾವ ಪಟ್ಟಿಯಲ್ಲೂ ಅದಕ್ಕೊಂದು ಅಂಕ ಸೇರುವುದಿಲ್ಲ. ಉಲ್ಲೇಖ ಎಂದರೆ ಬರೆಯುವವರು ಬರೆಯುವವರನ್ನು ಎಣಿಸುವ ಲೆಕ್ಕ. ಓದಿ ಕೆಲಸ ಮಾಡುವವರು, ಅಂದರೆ ನಮ್ಮ ದೇಶದ ಬಹುಪಾಲು ಸರ್ಜನ್‌ಗಳು, ಅದರೊಳಗೆ ಇಲ್ಲವೇ ಇಲ್ಲ. ಒಂದು ಭಾರತೀಯ ಜರ್ನಲ್‌ನ ಓದುಗರಲ್ಲಿ ಹೆಚ್ಚಿನವರು ಇಂಥವರು. ಅವರಿಗೆ ಚಂದಾ ಬೇಲಿಯ ಹಿಂದಿರುವ ಜರ್ನಲ್ ದಕ್ಕುವುದಿಲ್ಲ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಹೆಲಿನೆಟ್ ಮೂಲಕ ಕಾಲೇಜಿನೊಳಗಿರುವ ನಿಮಗೆ ಸಿಗುವುದು ಕಾಲೇಜು ಬಿಟ್ಟ ಮರುದಿನ ನಿಮಗೂ ಸಿಗದು. ಎಲ್ಲರೂ ಓದಲಿ ಎಂದು ಹೊರದೇಶದ ಓಪನ್ ಆಕ್ಸೆಸ್ ಜರ್ನಲ್‌ಗೆ ಕಳಿಸಿದರೆ ಲೇಖಕರಿಂದಲೇ ಲಕ್ಷ ರೂಪಾಯಿ ದಾಟುವ ಶುಲ್ಕ ಕೇಳುವವುಗಳಿವೆ.

ಇನ್ನು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಚಾಳಿ. ಒಂದು ಕ್ಯಾನ್ಸರ್ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೂರರ ಲೆಕ್ಕದಲ್ಲಿದೆ. ನಮ್ಮ ವಿಷಯದಲ್ಲಿ 1946ರಿಂದ ಬರುತ್ತಿರುವ, ಎಲ್ಲರೂ ಹಿರಿಯಣ್ಣ ಎಂದು ಒಪ್ಪುವ ಆ ಅಮೆರಿಕದ ಜರ್ನಲ್ಲೇ ಐದರ ಹತ್ತಿರ ಹೋದರೆ ದೊಡ್ಡದು. ಪ್ಲಾಸ್ಟಿಕ್ ಸರ್ಜನ್‌ಗಳು ಕಡಿಮೆ, ಬರೆಯುವವರು ಇನ್ನೂ ಕಡಿಮೆ, ನಮ್ಮನ್ನು ಉಲ್ಲೇಖಿಸಬಲ್ಲ ಜರ್ನಲ್‌ಗಳೂ ಬೆರಳೆಣಿಕೆ. ನಮ್ಮೊಳಗೇ ಮತ್ತೆ ಸ್ತನ ಮರುನಿರ್ಮಾಣ, ಸೌಂದರ್ಯ ಶಸ್ತ್ರಚಿಕಿತ್ಸೆಗಳ ಪ್ರಬಂಧಕ್ಕೆ ಉಲ್ಲೇಖ ಹೆಚ್ಚು, ಏಕೆಂದರೆ ಅವುಗಳ ಬಗ್ಗೆ ಬರೆಯುವ ಕೇಂದ್ರಗಳು ಶ್ರೀಮಂತ ದೇಶಗಳಲ್ಲಿ ಹೆಚ್ಚು. ಗದ್ದ ಎದೆಗೆ ಅಂಟಿಕೊಂಡ ಸುಟ್ಟಗಾಯದ ಬಿಗಿತ, ಹೈ ಟೆನ್ಷನ್ ತಂತಿ ತಗಲಿ ಸತ್ತ ತೋಳು, ಇಪ್ಪತ್ತು ದಾಟಿದ ಮೇಲೆ ಮೊದಲ ಸಲ ಬಂದ ಸೀಳು ಅಂಗುಳ, ಕುಷ್ಠರೋಗದಿಂದ ಮಡಚಿಕೊಂಡ ಬೆರಳು, ಆ್ಯಸಿಡ್ ದಾಳಿಗೆ ಒಳಗಾದ ಮುಖ: ಇವು ನಮ್ಮ ವಾರ್ಡು. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿ ಸುಡುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರದಲ್ಲಿ ಒಂದು ತಿಂಗಳು ಕೆಲಸ ಮಾಡಿದವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಈ ರೋಗಿಗಳ ಬಗ್ಗೆ ಆಳವಾಗಿ ಬರೆಯಬಲ್ಲವರು ನೀವು. ಓದಬೇಕಾದವರು ಕಲಬುರಗಿಯಲ್ಲಿ, ಪಟ್ನಾದಲ್ಲಿ, ಢಾಕಾದಲ್ಲಿ, ಕಠ್ಮಂಡುವಿನಲ್ಲಿ ಇದ್ದಾರೆ.

ಹೊರಗೆ ಕಳಿಸಲೇಬೇಡಿ ಎಂದು ಹೇಳುತ್ತಿಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ತಂಡ ಕಾಲಿನ ತೆರೆದ ಮುರಿತಗಳಿಗೆ ರೂಪಿಸಿದ ಸ್ಕೋರು 2006ರಲ್ಲಿ ಬ್ರಿಟನ್ನಿನ ಮೂಳೆ ಮತ್ತು ಕೀಲು ಜರ್ನಲ್‌ನಲ್ಲಿ ಬಂತು. ಇಂದು ಬೇರೆ ದೇಶಗಳಲ್ಲೂ ಸರ್ಜನ್‌ಗಳು ಕಾಲನ್ನು ಉಳಿಸಬೇಕೇ ತೆಗೆಯಬೇಕೇ ಎಂದು ತೀರ್ಮಾನಿಸುವಾಗ ಅದನ್ನು ನೋಡುತ್ತಾರೆ. ಅದು ಮೂಳೆ ತಜ್ಞರ ಕೈಗೆ ಸೇರಬೇಕಿತ್ತು, ಸೇರಿತು. ಕೊಚ್ಚಿಯ ಅಮೃತಾ ಸಂಸ್ಥೆಯಲ್ಲಿ 2015ರಲ್ಲಿ ಸುಬ್ರಮಣಿಯ ಅಯ್ಯರ್ ಅವರ ತಂಡ ದೇಶದ ಮೊದಲ ಕೈ ಕಸಿ ಮಾಡಿತು. ಅಂಥ ಕೆಲಸಕ್ಕೆ ಯಾವ ದೇಶದ ಜರ್ನಲ್ಲಾದರೂ ಬಾಗಿಲು ತೆರೆಯುತ್ತಿತ್ತು. ಅವರು ಮೊದಲ ಎರಡು ಕಸಿಗಳ ಪೂರ್ತಿ ವೃತ್ತಾಂತವನ್ನು, ಕಾರ್ಯಕ್ರಮ ಕಟ್ಟಿದ ಬಗೆಯಿಂದ ಹಿಡಿದು ಶಸ್ತ್ರಕ್ರಿಯೆಯ ವಿವರದವರೆಗೆ, 2017ರಲ್ಲಿ ಐಜೆಪಿಎಸ್‌ನಲ್ಲಿ ಭಾಗ ಭಾಗವಾಗಿ ಬರೆದರು. ಇನ್ನೊಂದು ಭಾರತೀಯ ಆಸ್ಪತ್ರೆ ಇಂಥ ಕಾರ್ಯಕ್ರಮ ಶುರುಮಾಡಲು ಹೊರಟರೆ ಮೊದಲು ತೆಗೆಯಬೇಕಾದ ಓದು ಅದು: ದಾನಿಯನ್ನು ಹುಡುಕುವುದು ಹೇಗೆ, ಕುಟುಂಬದೊಂದಿಗೆ ಮಾತು ಹೇಗೆ, ಪರವಾನಗಿ ಎಲ್ಲಿಂದ. ಈ ಎರಡು ತಂಡಗಳೂ ಓದುಗ ಯಾರು ಎಂದು ನೋಡಿ ವಿಳಾಸ ಬರೆದವು. ನಾನು ನಿಮ್ಮಿಂದ ಕೇಳುವುದೂ ಅದನ್ನೇ.

ಬಡ್ತಿಯ ಮಾತು ಬಂದೇ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ನಿವೃತ್ತಿಯ ನೆರಳಲ್ಲಿ ಕೂತ ನನಗಿಲ್ಲ. ಆದರೆ ನಿಯಮವನ್ನು ಓದಿ ನೋಡಿ. ಭಾರತೀಯ ವೈದ್ಯಕೀಯ ಪರಿಷತ್ತು 2015ರಲ್ಲಿ ಬಡ್ತಿಗೆ ಪ್ರಬಂಧಗಳ ಷರತ್ತು ಬಿಗಿಗೊಳಿಸಿದಾಗಲೂ, 2020ರಲ್ಲಿ ಅದು ತಿದ್ದುಪಡಿಯಾದಾಗಲೂ ಕೇಳಿದ್ದು ಜರ್ನಲ್ ಯಾವ ಸೂಚಿಗಳಲ್ಲಿದೆ ಎಂದು. ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್ 2020ರ ಪಟ್ಟಿಯಲ್ಲಿದ್ದವು. ಇಂಪ್ಯಾಕ್ಟ್ ಫ್ಯಾಕ್ಟರ್ ಇಷ್ಟಿರಲಿ ಎಂಬ ಷರತ್ತು ಅಲ್ಲಿರಲಿಲ್ಲ. ಅದನ್ನು ಸೇರಿಸಿದವರು ಸಂದರ್ಶನದ ಮೇಜಿನ ಆಚೆ ಕೂತ ನಮ್ಮಂಥ ಹಿರಿಯರು. ಪ್ರಬಂಧವನ್ನು ಓದಲು ಒಂದು ಗಂಟೆ ಬೇಕು, ಅಂಕಿ ನೋಡಲು ಒಂದು ನಿಮಿಷ ಸಾಕು. ಆ ಒಂದು ಗಂಟೆ ಕೊಡದವರು ತೀರ್ಪು ಕೊಡಬಾರದು.

ಅಂಕಿಯೇ ಎಲ್ಲ ಆದಾಗ ಜರ್ನಲ್‌ಗಳಿಗೆ ಏನಾಗುತ್ತದೆ ಎಂಬುದನ್ನು ಬ್ರೆಜಿಲ್ ನೋಡಿದೆ. ಅಲ್ಲಿ ಸ್ನಾತಕೋತ್ತರ ವಿಭಾಗಗಳನ್ನು ಅಳೆಯುವ ಸರ್ಕಾರಿ ಸಂಸ್ಥೆ ಪ್ರಬಂಧ ಬಂದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಬಹಳ ಬೆಲೆ ಕೊಡುತ್ತಿತ್ತು. ಒಳ್ಳೆಯ ಕೆಲಸವೆಲ್ಲ ಹೊರಗೆ ಹೋಯಿತು. ದೇಶದ ಜರ್ನಲ್‌ಗಳು ಸೊರಗಿದವು. ಅವುಗಳ ಅಂಕಿಯನ್ನು ಹೇಗಾದರೂ ಎತ್ತಬೇಕೆಂದು ಕೆಲವು ಸಂಪಾದಕರು ಒಬ್ಬರ ಜರ್ನಲ್‌ನಲ್ಲಿ ಇನ್ನೊಬ್ಬರ ಪ್ರಬಂಧಗಳನ್ನು ರಾಶಿ ರಾಶಿಯಾಗಿ ಉಲ್ಲೇಖಿಸುವ ಏರ್ಪಾಡು ಮಾಡಿಕೊಂಡರು. 2013ರಲ್ಲಿ ಅದು ಸಿಕ್ಕಿಬಿದ್ದು ನಾಲ್ಕು ಬ್ರೆಜಿಲ್ ವೈದ್ಯಕೀಯ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಅಮಾನತಾಯಿತು. ಸಂಪಾದಕರು ಮಾಡಿದ್ದು ತಪ್ಪೇ. ಅದರ ಬೇರು ಮಾತ್ರ "ಇಲ್ಲಿಯ ಜರ್ನಲ್‌ಗೆ ಯಾಕೆ ಕಳಿಸ್ತೀಯ" ಎಂಬ ಮಾತಿನಲ್ಲೇ ಇತ್ತು. ಹಾಗಾಗಿ ಐಜೆಪಿಎಸ್‌ನ ಮೇಲಿನ ಅಭಿಮಾನದಿಂದ ಅದರ ಹತ್ತು ಪ್ರಬಂಧಗಳನ್ನು ಸುಮ್ಮನೆ ನಿಮ್ಮ ಪಟ್ಟಿಗೆ ತುರುಕಬೇಡಿ. ಕೆಲಸಕ್ಕೆ ಬಾರದ ಉಲ್ಲೇಖ ಅಭಿಮಾನದಿಂದ ಬಂದರೂ ಸುಳ್ಳೇ.

ಆದರೆ ನ್ಯಾಯವಾದ ಉಲ್ಲೇಖವನ್ನು ಕೊಡದೇ ಇರುವುದೂ ಅಷ್ಟೇ ತಪ್ಪು. ಅದನ್ನು ನಾನು ಪದೇ ಪದೇ ಕಂಡಿದ್ದೇನೆ. ಸುಟ್ಟ ಕೈಯ ಬಿಗಿತದ ಬಗ್ಗೆ ನಮ್ಮ ಹುಡುಗರು ಬರೆದ ಪ್ರಬಂಧದ ಕೊನೆಯ ಪಟ್ಟಿ ನೋಡಿದರೆ ಅಮೆರಿಕ, ಜಪಾನ್, ಜರ್ಮನಿ ಎಲ್ಲ ಇರುತ್ತವೆ. ಅದೇ ಬಗೆಯ ರೋಗಿಗಳನ್ನು ಹತ್ತಿರದ ಊರಿನಲ್ಲೇ ನೋಡಿ, ಎಷ್ಟೋ ಮೊದಲೇ ಬರೆದಿಟ್ಟವರ ಹೆಸರು ಇರುವುದಿಲ್ಲ. ಹುಡುಕಿಯೇ ಇರುವುದಿಲ್ಲ. ಸಿ. ಬಾಲಕೃಷ್ಣನ್ 1958ರಲ್ಲಿ ನಾಗಪುರದಲ್ಲಿ ದೇಶದ ಮೊದಲ ಸ್ವತಂತ್ರ ಪ್ಲಾಸ್ಟಿಕ್ ಸರ್ಜರಿ ವಿಭಾಗ ಕಟ್ಟಿದರು. ಆ ತಲೆಮಾರಿನವರು ಬರೆದದ್ದನ್ನು ಅವರ ಶಿಷ್ಯರ ಶಿಷ್ಯರೇ ಓದದಿದ್ದರೆ ಅಮೆರಿಕದವರು ಯಾಕೆ ಓದಬೇಕು?

ಹೆಸರು ಕಳೆದುಹೋಗುವುದು ನಮಗೆ ಹೊಸದೂ ಅಲ್ಲ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಒಂದು ಪತ್ರ ಬಂತು. ಅದು ವೈದ್ಯಕೀಯ ಪತ್ರಿಕೆಯಲ್ಲ, ಎಲ್ಲರೂ ಓದುವ ಮಾಸಪತ್ರಿಕೆ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಟಿಪ್ಪು ಸುಲ್ತಾನನ ಕೈಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈಯನ್ನು ಕಳೆದುಕೊಂಡಿದ್ದನೆಂದು ಅದರಲ್ಲಿತ್ತು. ನಮ್ಮ ಶ್ರೀರಂಗಪಟ್ಟಣದ ಯುದ್ಧವದು. ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯ ಒಬ್ಬಾತ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಮಾಡಿದ. ಇಬ್ಬರು ಇಂಗ್ಲಿಷ್ ವೈದ್ಯರು ಆ ಶಸ್ತ್ರಕ್ರಿಯೆ ನೋಡಿದರು. ಎರಡು ವರ್ಷದ ಲೆಕ್ಕದಲ್ಲಿ ಆ ಪತ್ರದ ಪ್ರಭಾವ ಸೊನ್ನೆ. ಇಪ್ಪತ್ತು ವರ್ಷದ ಮೇಲೆ, 1814ರಲ್ಲಿ, ಲಂಡನ್ನಿನ ಜೋಸೆಫ್ ಕಾರ್ಪ್ಯೂ ಅದೇ ರೀತಿಯಲ್ಲಿ ಒಬ್ಬ ಸೇನಾಧಿಕಾರಿಯ ಮೂಗು ಕಟ್ಟಿದ. 1816ರಲ್ಲಿ ಪುಸ್ತಕ ಬರೆದು ಭಾರತೀಯ ವಿಧಾನದ ಋಣವನ್ನು ಒಪ್ಪಿಕೊಂಡ. 1818ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆ ಮೂಗಿನ ಮರುನಿರ್ಮಾಣದ ಮೇಲೆ ತನ್ನ ಗ್ರಂಥ ಹೊರತಂದ. ಯುರೋಪಿನಲ್ಲಿ ನಮ್ಮ ವೃತ್ತಿ ಮತ್ತೆ ಎದ್ದು ನಿಂತದ್ದು ಆ ಒಂದು ಪತ್ರದ ಜಾಡಿನಲ್ಲಿ. ಕಾರ್ಪ್ಯೂ ಹೆಸರು ನಮಗೆ ಗೊತ್ತು. ಗಾಡಿ ಹೊಡೆಯುತ್ತಿದ್ದವನ ಹೆಸರೂ ಗೊತ್ತು. ಕತ್ತಿ ಹಿಡಿದವನ ಹೆಸರು ಆ ಪತ್ರದಲ್ಲಿಲ್ಲ. ಅವನು ಎಷ್ಟು ಮೂಗು ಕಟ್ಟಿದ್ದ, ಎಷ್ಟು ಉಳಿದವು, ಎಷ್ಟು ಕೊಳೆತವು, ಯಾರಿಂದ ಕಲಿತ, ಯಾರಿಗೆ ಕಲಿಸಿದ, ಇದ್ಯಾವುದೂ ಕಾಗದಕ್ಕೆ ಇಳಿಯಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀವು ಬರೆಯಬಲ್ಲಿರಿ. ನಿಮಗಾಗಿ ಒಂದು ಜರ್ನಲ್ ಐವತ್ತು ವರ್ಷಕ್ಕೂ ಮಿಕ್ಕಿ ತೆರೆದು ಕೂತಿದೆ. ಅದಕ್ಕೆ ನಿಮ್ಮ ಉಳಿಕೆ ಕೆಲಸ ಬೇಡ. ಎರಡು ಕಡೆ ತಿರಸ್ಕಾರವಾದ ಮೇಲೆ "ಇಲ್ಲಾದರೂ ಹಾಕೋಣ" ಎಂದು ಕಳಿಸುವುದೇ ರೂಢಿಯಾದರೆ ಅದರ ಅಂಕಿ ಚಿಕ್ಕದಾಗಿಯೇ ಉಳಿಯುತ್ತದೆ, ಆಮೇಲೆ ಆ ಅಂಕಿಯನ್ನು ತೋರಿಸಿ ಮತ್ತೆ ದೂರುತ್ತೇವೆ. ಜರ್ನಲ್ಲಿಗೂ ಸುಧಾರಿಸಿಕೊಳ್ಳಬೇಕಾದದ್ದಿದೆ: ಪರಿಶೀಲನೆ ಬೇಗ ಮುಗಿಯಬೇಕು, ಒಂದೇ ಕೇಸಿನ ಚಮತ್ಕಾರಗಳಿಗಿಂತ ವರ್ಷಗಟ್ಟಲೆ ಹಿಂಬಾಲಿಸಿದ ಸರಣಿಗಳಿಗೆ ಹೆಚ್ಚು ಜಾಗ ಸಿಗಬೇಕು. ಅದಕ್ಕೂ ನಿಮ್ಮಲ್ಲಿ ಪರಿಶೀಲಕರಾಗಿ ಸಮಯ ಕೊಡುವವರು ಬೇಕು.

ತಲುಪುವ ಮಾತಿನಲ್ಲಿ ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಹತ್ತಿರದ್ದು. ಸುಟ್ಟ ಕೂಡಲೇ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು ಎಂಬುದು ಸಂಶೋಧನೆಯಿಂದ ಗಟ್ಟಿಯಾದ ಮಾತು. ಎಷ್ಟೋ ಜರ್ನಲ್‌ಗಳಲ್ಲಿ, ಎಷ್ಟೋ ಸಲ ಉಲ್ಲೇಖಗೊಂಡ ಮಾತು. ಆದರೂ ನಮ್ಮ ಕ್ಯಾಶುವಾಲ್ಟಿಗೆ ಮಕ್ಕಳು ಟೂತ್‌ಪೇಸ್ಟ್, ಶಾಯಿ, ಅರಿಸಿನ ಮೆತ್ತಿಕೊಂಡು ಬರುತ್ತಾರೆ. ಆ ಪ್ರಬಂಧಗಳು ಒಂದರಿಂದ ಒಂದಕ್ಕೆ ಓಡಾಡಿದವು, ಅಡುಗೆಮನೆಗೆ ಬರಲಿಲ್ಲ. ನಿಮ್ಮ ಪ್ರಬಂಧ ಪ್ರಕಟವಾದ ದಿನ ಅದರ ಸಾರವನ್ನು ಒಂದು ಪುಟದ ಕನ್ನಡದಲ್ಲಿ ಬರೆದು ನಿಮ್ಮ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ದಿನಪತ್ರಿಕೆಗೆ ಕಳಿಸಿ. ಎಎಲ್‌ಟಿ ಫ್ಲ್ಯಾಪ್‌ನ ಬಗ್ಗೆ ಅದು ಬೇಕಿಲ್ಲ. ಸುಟ್ಟಗಾಯ, ಸೀಳುತುಟಿ, ತುಂಡಾದ ಬೆರಳನ್ನು ಐಸ್‌ಗೆ ನೇರವಾಗಿ ತಾಗಿಸದೆ ತರುವ ಬಗೆ, ಇವುಗಳ ಬಗ್ಗೆ ಬೇಕೇ ಬೇಕು.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ನಿಮ್ಮ ವಿಭಾಗದ ಕಪಾಟಿನಲ್ಲಿ ಹಿಂದಿನ ಎಂ.ಸಿಎಚ್. ಥೀಸಿಸ್‌ಗಳು ಸಾಲಾಗಿವೆ. ಅವುಗಳಲ್ಲಿ ಹೆಚ್ಚಿನವು ಪರೀಕ್ಷಕರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಒಂದನ್ನು ಇಳಿಸಿ. ಬರೆದವರು ಈಗ ಎಲ್ಲಿದ್ದಾರೆ ಕೇಳಿ, ಫೋನ್ ಮಾಡಿ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಅದರಲ್ಲಿರುವ ರೋಗಿಗಳಲ್ಲಿ ಸಿಕ್ಕಷ್ಟು ಜನರನ್ನು ಮತ್ತೆ ಕರೆದು, ಕಸಿ ಹಾಕಿದ ಕತ್ತು ಈಗ ಎಷ್ಟು ಮೇಲಕ್ಕೆ ಎತ್ತುತ್ತದೆ, ಫ್ಲ್ಯಾಪ್ ಹಾಕಿದ ಕೈ ಏನೇನು ಹಿಡಿಯುತ್ತದೆ ಎಂದು ಅಳೆದು ಬರೆಯಿರಿ. ಕೆಟ್ಟ ಫಲಿತಾಂಶವನ್ನೂ ಬಿಡದೆ ಬರೆಯಿರಿ. ಮೂಲ ಲೇಖಕರ ಹೆಸರನ್ನು ಮೊದಲಿಗೆ ಹಾಕಿ ಐಜೆಪಿಎಸ್‌ಗೆ ಕಳಿಸಿ. ಅಳತೆಯ ಪಟ್ಟಿ ತಯಾರಿಸಲೋ ಇಂಗ್ಲಿಷ್ ತಿದ್ದಲೋ ಜೊತೆ ಬೇಕಿದ್ದರೆ ಹೇಳಿ ಕಳಿಸಿ, ಭಾನುವಾರಗಳು ನನಗೆ ಬಿಡುವು.

ನಿಮ್ಮವನೇ ಆದ
ಒಬ್ಬ ಹಳೆಯ ಮೇಷ್ಟ್ರು